ತ್ರಸರೇಣುವಿನ ಕುಲವಿಚಾರ

ಗವಾಕ್ಷದೊಳಗಿಂದ ಬಿಸಿಲಿನ ಕೋಲು ಒಳಮನೆಗೆ ಬಿದ್ದಾಗ ಅದರಲ್ಲಿ ತೇಲಾಡುತ್ತ ಕಾಣಿಸುವ ಕಣಗಳಿಗೆ ನಮ್ಮ ಹಿರಿಯರು ತ್ರಸರೇಣುಗಳೆಂದು ಹೆಸರಿಟ್ಟರು. ತರ್ಕಶಾಸ್ತ್ರವನ್ನು ಸ್ವಲ್ಪವಾದರೂ ಓದಿದವರಿಗೆ ಈ ಶಬ್ದವು ಹೊಸದಲ್ಲ. ಎರಡು ಪರಮಾಣುಗಳು ಕೂಡಿದರೆ ದ್ವ್ಯಣುಕ. ಮೂರು ದ್ವ್ಯಣುಕಗಳು ಕೂಡಿದರೆ ತ್ರಸರೇಣು. ಕಣ್ಣಿಗೆ ಗೋಚರವಾಗತಕ್ಕ ವಸ್ತುಗಳೊಳಗೆ ಇದಕ್ಕಿಂತ ಅಲ್ಪವಾದುದು ಬೇರೊಂದಿಲ್ಲವೆಂದು ವೈಶೇಷಿಕರ ಮತ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಇದೇ ಕಣವು ಚಿನ್ನ ಬೆಳ್ಳಿಗಳ ತೂಕಕ್ಕೆ ಮೊದಲನೆಯ ಮಾನವಾಗಿದೆ. ಎಂಟು ತ್ರಸರೇಣುಗಳಿಗೆ ಒಂದು ಲಿಕ್ಷೆ, ಮೂರು ಲಿಕ್ಷೆಗಳಿಗೆ ಒಂದು ಕರಿಯ ಸಾಸಿವೆ, ಅಂಥವು ಮೂರಕ್ಕೆ ಒಂದು ಬಿಳಿಯ ಸಾಸಿವೆ, ಅವು ಆರಕ್ಕೆ ಒಂದು ಯವ, ಮೂರು ಯವಗಳಿಗೆ ಒಂದು ಕೃಷ್ಣಲ, ಎಂದರೆ ಗುಲಗಂಜಿ. ಗುಣಿಸಿ ನೋಡಿದರೆ ಒಂದು ಗುಲಗಂಜಿಗೆ ೧೨೯೬ ತ್ರಸರೇಣುಗಳಾಗುವುವು.

ಗುಲಗಂಜಿಯ ತೂಕವು ಸುಮಾರು ೧೨೦ ಮಿಲಿಗ್ರಾಮು. ಆದಕಾರಣ ಸ್ಮೃತಿಯ ಲೆಕ್ಕದಂತೆ ಒಂದು ತ್ರಸರೇಣುವು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲಿಗೆ ತುಸು ಕಡಿಮೆಯಾಗುವುದು. ಬಿಸಿಲುಕೋಲಿನಲ್ಲಿ ನಿಜವಾಗಿ ತೇಲುವ ಕಣವಾದರೋ ಇದಕ್ಕಿಂತ ಎಷ್ಟೋ ಹಗುರ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಹತ್ತು ಮೈಕ್ರಾನ್ ಅಡ್ಡಗಲವುಳ್ಳ ಬೆಣಚುಕಲ್ಲಿನ ಕಣಗಳನ್ನು ಒಂದೆಡೆ ಕೂಡಿಹಾಕಿದರೆ, ಅವು ಅರುವತ್ತು ಸಾವಿರವನ್ನು, ಅರ್ಥಾತ್ ಸಗರಪುತ್ರರ ಸಂಖ್ಯೆಯನ್ನು, ಮೀರಿದಮೇಲೆಯೇ ಮನುವಿನ ಒಂದು ತ್ರಸರೇಣುವಿನ ತೂಕವು ಬರುವುದು. ಇದರಿಂದ ಸ್ಮೃತಿಕಾರರನ್ನು ಹಳಿಯಬೇಕಾದುದಿಲ್ಲ. ಅವರು ಲೆಕ್ಕವನ್ನು ಎಲ್ಲಿಂದಲಾದರೂ ಆರಂಭಿಸಬೇಕಾಗಿದ್ದಿತು. ಕಣ್ಣಿಗೆ ಕಾಣುವ ಅತ್ಯಲ್ಪವಾದುದರಿಂದ ಆರಂಭಿಸಿದರು. ಆದರೆ ಆ ಕಣವು ಯಾವ ಕಲ್ಲಿನ ಕುಲಕ್ಕೆ ಸೇರಿದುದೆಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಪಾರ್ಥಿವವೆಂದು ಹೇಳಿದರೆ ಅವರ ಕಾರ್ಯಕ್ಕೆ ಸಾಕಾಗಿದ್ದಿತು. ನಮಗೆ ಸಾಲದು. ಏಕೆ ಸಾಲದೆಂಬುದನ್ನು ನಮ್ಮ ಕನ್ನಡ ನಾಡಿನ ಚರಿತ್ರೆಯಿಂದಲೇ ತೋರಿಸಬಹುದೆಂದು ತಿಳಿದು ಈ ಲೇಖನವನ್ನು ಬರೆದಿದ್ದೇನೆ.

ಪಶ್ಚಿಮದೇಶದವರೂ ಮೊದಲು ಕಣಗಳನ್ನು ನೋಡಿದರು, ಆಮೇಲೆ ಎಣಿಸಿದರು, ಆಮೇಲೆ ತೂಗಿದರು. ಕುಲವನ್ನು ಕೇಳಿದುದು ತಡವಾಗಿ. ೧೮೭೦ರ ಸುಮಾರಿನಲ್ಲಿ ಟಿಂಡಲ್ ಎಂಬ ಪಂಡಿತನು ಬೆಳಕಿನ ಕೋಲಿನಲ್ಲಿ ಧೂಳನ್ನು ತೋರಿಸಿ ಧೂಳಿಗೂ ರೋಗಕ್ಕೂ ಇರುವ ಸಂಬಂಧವನ್ನು ಕುರಿತು ಉಪನ್ಯಾಸಮಾಡಿದನು. ೧೮೮೮ರಲ್ಲಿ ಐಟ್ಕಿನ್ ಎಂಬವನು ಗಾಳಿಯಲ್ಲಿರುವ ಕಣಗಳನ್ನು ಎಣಿಸುವ ಯಂತ್ರವನ್ನು ರಚಿಸಿದನು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ೧೯೧೬ರಲ್ಲಿ ಕೋನಿಮೀಟರ್ ಎಂಬ ಉಪಕರಣವು ಬಂದು, ಗಾಜಿನ ಬಿಲ್ಲೆಯ ಮೇಲೆ ಧೂಳನ್ನು ಹಿಡಿದು ಸೂಕ್ಷ್ಮದರ್ಶಕದಿಂದ ಎಣಿಸುವ ಪದ್ಧತಿಯು ರೂಢಿಗೆ ಬಂದಿತು. ಇವೆಲ್ಲವೂ ಬೇರೆಲ್ಲಿಯೋ ನಡೆದುವು. ಇನ್ನು ನಮ್ಮ ಕೋಲಾರಕ್ಕೆ ಬರೋಣ.

ಕೋಲಾರದ ಚಿನ್ನದ ಸೀಮೆಯಲ್ಲಿ ಲೆವೆಲ್ಲೆ ಎಂಬ ಐರಿಷ್ ಸೈನಿಕನು ೧೮೭೦ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಪ್ಪಣೆ ಪಡೆದು ಅಗೆಯಲಾರಂಭಿಸಿದುದನ್ನೂ, ೧೮೮೦ರಿಂದೀಚೆಗೆ ಜಾನ್ ಟೇಲರ್ ಕಂಪೆನಿಯವರು ಅದನ್ನು ದೊಡ್ಡದಾಗಿ ನಡಸಿದುದನ್ನೂ ವಾಚಕರು ಕೇಳಿರುವರು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚುವವರೆಗೆ ಅಲ್ಲಿಂದ ಹೊರಟ ಚಿನ್ನವು ಸುಮಾರು ೮೦೦ ಟನ್ನು. ಅದರ ಒಂದು ಕಾರಣಸೂತ್ರವು ನಮ್ಮ ನೆರೆಯಲ್ಲಿಯೇ ಉಂಟು. ಕೊಳ್ಳೇಗಾಲದ ಮಗ್ಗುಲಲ್ಲಿರುವ ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಸುಮಾರು ೯೨ ಮೈಲಿ ದೂರ ತಂತಿಯ ಮೇಲೆ ಹೋದುದು ಮೊದಲು ಆ ಗಣಿಗಳಿಗೆ. ಬೆಂಗಳೂರಿನ ದೀಪಗಳಿಗೆ ಅದು ಬಂದುದು ಮೂರು ವರ್ಷಗಳ ತರುವಾಯ, ೧೯೦೫ರಲ್ಲಿ. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದ ದೃಷ್ಟಾಂತಗಳು ಆ ಕಾಲದಲ್ಲಿ ಲೋಕದಲ್ಲಿಯೇ ವಿರಳವಾಗಿದ್ದುವು. (ಆಗ ಕೊಳ್ಳೇಗಾಲವು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು, ೧೯೫೬ರವರೆಗೂ ಹಾಗೆಯೇ ಇದ್ದಿತು. ಯಳಂದೂರಾದರೋ ಮೈಸೂರು ಸಂಸ್ಥಾನದೊಳಗೆ ಪೂರ್ಣಯ್ಯನವರ ಜಹಗೀರು. ನೆರೆಹೊರೆಯವರಾದ ನಾವು ಎರಡು ರಾಜ್ಯಗಳ ಪ್ರಜೆಗಳಾಗಿದ್ದೆವೆಂಬುದನ್ನು ಇಂದಿನ ಹುಡುಗರು ನಂಬುವುದು ಕಷ್ಟ.) ಕಾವೇರಿಯ ಬಲವು ಅಲ್ಲಿ ಮಾಡಿದ ಮುಖ್ಯವಾದ ಕೆಲಸವೇನೆಂದರೆ ಕಲ್ಲನ್ನು ಕುಟ್ಟಿ ಹಿಟ್ಟುಮಾಡುವುದು.

ಆ ಕಲ್ಲು ಯಾವುದು? ಕೋಲಾರದಲ್ಲಿ ಚಿನ್ನವು ಕರಿಯ ಶಿಸ್ಟ್ ಶಿಲೆಯ ನಡುವೆ ಹಾಯ್ದುಹೋಗಿರುವ ಬೆಣಚುಕಲ್ಲಿನ ಪಟ್ಟೆಗಳಲ್ಲಿರುವುದು. ಚಾಂಪಿಯನ್ ರೀಫ್ ಎಂದು ಪ್ರಸಿದ್ಧವಾದುದು ಅಂಥದೊಂದು ಪಟ್ಟೆ. ಅದನ್ನು ಹಿಂಬಾಲಿಸಿ ಮೂರು ಕಿಲೋಮೀಟರುಗಳಿಗೂ ಮಿಕ್ಕಿದ ಆಳಕ್ಕೆ ಇಳಿದರು. ಚಿನ್ನವನ್ನು ಬಯಸಿದವನು ಬೆಣಚುಕಲ್ಲನ್ನು ಕೊರೆಯಲೇಬೇಕು, ಒಡೆಯಲೇಬೇಕು, ಪುಡಿಮಾಡಲೇಬೇಕು. ಕೈಯುಳಿಯಿಂದ ಕೊರೆಯುತ್ತಿದ್ದಾಗ ಏಳುತ್ತಿದ್ದ ಧೂಳು ಅಷ್ಟಿಷ್ಟು. ಒತ್ತಿದ ಗಾಳಿಯಿಂದ ನಡೆಯುವ ಕೊರೆಯುವ ಯಂತ್ರಗಳು ಬಂದಮೇಲೆ, ನೀರು ಹಾಯಿಸದೆ ಕೊರೆದ ಕಡೆಗಳಲ್ಲಿ, ಧೂಳು ಹೊಗೆಯಂತೆ ತುಂಬಿತು. ಇದು ಕೋಲಾರಕ್ಕೆ ಮಾತ್ರ ಸಂಬಂಧಿಸಿದ ಕಥೆಯಲ್ಲ. ಲೋಕದ ಗಣಿಗಳಲ್ಲೆಲ್ಲ ಹೀಗೆಯೇ ಆಯಿತು. ಇಂಥ ಯಂತ್ರಕ್ಕೆ ಇಂಗ್ಲಿಷರ ಗಣಿಗಾರರು ಇಟ್ಟ ಹೆಸರೇ ವಿಧವೆಯರನ್ನು ಮಾಡತಕ್ಕದ್ದು ಎಂಬ ಅರ್ಥದ್ದು. ೧೫೫೬ರಲ್ಲಿ ಅಚ್ಚಾದ ಅಗ್ರಿಕೋಲನ ಗ್ರಂಥದಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಗಣಿಗಳ ಬಳಿ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದರೆಂದು ಹೇಳಿದೆ. ನಾಲ್ಕು ಶತಮಾನಗಳಲ್ಲಿ ಯಂತ್ರವು ಬೆಳೆಯಿತು. ಅದರೊಡನೆ ಆ ಲೆಕ್ಕವೂ ಬೆಳೆಯಿತು.

ಬೆಣಚಿನ ಧೂಳು ದೇಹದಲ್ಲಿ ಮಾಡುವ ಕಾರ್ಯವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದೊಡ್ಡ ಕಣಗಳು ಮೂಗು ಗಂಟಲುಗಳಲ್ಲಿ ಸಿಕ್ಕಿ ಕಫದೊಡನೆ ಹೊರಕ್ಕೆ ಹೋಗುವುವು. ನಾಲ್ಕೈದು ಮೈಕ್ರಾನಿಗಿಂತ ಚಿಕ್ಕವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಮುಟ್ಟುವುವು. ಅಲ್ಲಿ ಕಾವಲುಗಾರರಂತಿರುವ ಜೀವಕಣಗಳು ಧೂಳನ್ನು ನುಂಗಿಬಿಡುವುವು. ಸುಣ್ಣದ ಕಣವಾದರೆ ಕಾಲಕ್ರಮದಲ್ಲಿ ಕರಗುವುದು. ಬೆಣಚು ಕರಗದು; ಅದನ್ನು ನುಂಗಿದ ಕಾವಲುಗಾರನೇ ಸಾಯುವನು. ಅವನೊಳಗಿನಿಂದ ಕಣವು ಹಾಗೆಯೇ ಹೊರಬೀಳುವುದು. ಇನ್ನೊಬ್ಬನು ಅದನ್ನು ನುಂಗಿ ತಾನೂ ಸಾಯುವನು. ಒಂದೇ ಕಣವು ಹೀಗೆ ಎಷ್ಟು ಸಲವಾದರೂ ಕೊಲ್ಲಬಲ್ಲುದು. ಆ ಜಾಗದಲ್ಲಿ ನಾರಿನಂಥ ಗಂಟುಗಳು ಬೆಳೆದು ಶ್ವಾಸಕೋಶವು ಗಡುಸಾಗುವುದು. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಕೆಲಸವನ್ನು ಬಿಟ್ಟಮೇಲೆಯೂ ಇದು ಮುಂದುವರಿಯುವುದುಂಟು. ಗಡುಸಾದುದನ್ನು ಮತ್ತೆ ಮೊದಲಿನಂತೆ ಮಾಡುವ ಔಷಧವಿಲ್ಲ. ಇದು ಬಂದವರಿಗೆ ಕ್ಷಯವು ಬೇಗ ಅಂಟುವುದರಿಂದ, ಅನೇಕ ಕಡೆಗಳಲ್ಲಿ ಕಲ್ಲಿನಿಂದ ಸತ್ತವರನ್ನು ಕ್ಷಯದಿಂದ ಸತ್ತರೆಂದು ಬರೆದುಕೊಂಡರು. ನಮ್ಮ ವೈದ್ಯಗ್ರಂಥಗಳ ರಾಜಯಕ್ಷ್ಮದ ಹೆಸರು ಎಷ್ಟು ಕಲ್ಲುಕುಟಿಗರ ಪಾಲಿಗೆ ಹೀಗೆ ಬಂದಿತೋ ಬಲ್ಲವರಾರು?

ದಕ್ಷಿಣ ಆಫ್ರಿಕದಲ್ಲಿ ಇಂಥ ರೋಗಿಗಳಿಗೆ ಪರಿಹಾರಧನ ಕೊಡುವ ಕಾಯಿದೆಯು ೧೯೧೧ರಲ್ಲಿ ಬಂದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು ೧೯೩೦ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಇದಕ್ಕಾಗಿಯೇ ಒಂದು ಮಹಾಸಭೆಯನ್ನು ಸೇರಿಸಿದರು. ಮೈಸೂರು ಸಂಸ್ಥಾನವು ೧೯೪೦ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ಮಾಡಿ, ಈ ರೋಗವು ಪರಿಹಾರಕ್ಕೆ ಯೋಗ್ಯವಾದುದೆಂದು ಒಪ್ಪಿತು. ಕೋಲಾರದಲ್ಲಿ ಗಣಿಯು ಆರಂಭವಾಗಿ ಅರುವತ್ತು ವರ್ಷಗಳು, ಎಂದರೆ ಎರಡು ತಲೆಮಾರುಗಳು, ಆಗಲೇ ಕಳೆದಿದ್ದುವು. ೧೯೪೦ರಿಂದ ೧೯೪೬ರವರೆಗೆ ಏಳು ಸಾವಿರದ ಆರುನೂರಕ್ಕೂ ಮಿಕ್ಕಿದ ಕೂಲಿಗಾರರನ್ನು ಪರೀಕ್ಷಿಸಿದರು. ನೂರಕ್ಕೆ ನಾಲ್ವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗವು ಕಂಡುಬಂದಿತು. ಭಾರತದಲ್ಲಿ ಈ ರೋಗದ ಚರಿತ್ರೆಯನ್ನು ಬರೆಯುವವರೆಲ್ಲರೂ ಕೋಲಾರದಿಂದಲೇ ಆರಂಭಿಸುವರು. ಚಿನ್ನದ ನಾಡೆಂದು ನಾವು ಹೆಮ್ಮೆಪಡುವಾಗ ಈ ಮೊದಲನೆಯ ಸ್ಥಾನವನ್ನು ಮಾತ್ರ ಹೇಳಿಕೊಳ್ಳುವುದಿಲ್ಲ. ಆ ಕೂಲಿಗಾರರಲ್ಲಿ ಬಹುಮಂದಿ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ಬಡವರಾದುದರಿಂದ ಅವರ ವೃತ್ತಾಂತವು ನಮ್ಮ ಸಾಹಿತ್ಯದಲ್ಲಿ ಸೇರಲಿಲ್ಲವೆಂದು ನನ್ನ ಊಹೆ.

ಗಣಿಯು ನಿಂತರೂ ಧೂಳು ನಿಲ್ಲಲಿಲ್ಲ. ಕುಟ್ಟಿ, ಸಯನೈಡಿನಲ್ಲಿ ತೊಳೆದು, ಚಿನ್ನವನ್ನು ಹೀರಿಕೊಂಡಮೇಲೆ ಉಳಿದ ಹಿಟ್ಟನ್ನು ಊರಿನ ಮಗ್ಗುಲಲ್ಲಿಯೇ ರಾಶಿಹಾಕಿದರು. ಮೂರು ಕೋಟಿ ಟನ್ನಿಗೂ ಮೀರಿದ ಈ ರಾಶಿಗಳನ್ನು ಅಲ್ಲಿಯವರು ಸಯನೈಡ್ ದಿಬ್ಬಗಳೆನ್ನುವರು. ಹೆಸರು ಸಯನೈಡಿನದಾದರೂ ಒಡಲು ಬೆಣಚು ಮತ್ತು ಕರಿಶಿಲೆಯ ಪುಡಿಯದು. ಮುಂಗಾರಿನ ಗಾಳಿಯೆದ್ದ ದಿನ ಅದು ಬೀದಿಗಳಿಗೂ ಅಡಿಗೆಮನೆಗಳಿಗೂ ನುಗ್ಗುವುದು. ಗಣಿಗೆ ಎಂದೂ ಇಳಿಯದ ಹೆಂಗಸರೂ ಮಕ್ಕಳೂ ಗಣಿಯ ಧೂಳನ್ನೇ ಉಸಿರಾಡುವರು.

ಇನ್ನು ಬೆಂಗಳೂರು. ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವು ನಿಂತಿರುವ ಬಂಡೆಯನ್ನು ನೋಡದವರಿಲ್ಲ. ಅದು ಸುಮಾರು ಮುನ್ನೂರು ಕೋಟಿ ವರ್ಷಗಳ ಹಿಂದಿನ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯು ೧೮೯೪ರಲ್ಲಿ ಸ್ಥಾಪಿತವಾಯಿತು. ಅದರ ಅಧ್ಯಕ್ಷರಾಗಿದ್ದ ಸ್ಮೀತ್ ಎಂಬವರು ಈ ಜಾತಿಯ ಶಿಲೆಗೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ಬೆಂಗಳೂರು ನಗರವೆಲ್ಲ ಇದರ ಮೇಲೆಯೇ ಕುಳಿತಿದೆ. ಇದರೊಳಗೆ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಇವು ಪ್ರಧಾನವಾದುವು. ಫೆಲ್ಡ್‌ಸ್ಪಾರ್ ಮಳೆಬಿಸಿಲುಗಳಿಗೆ ಸಿಕ್ಕಿ ಜೇಡಿಯಾಗುವುದು. ಕಬ್ಬಿಣವು ತುಕ್ಕುಹಿಡಿದು ಮಣ್ಣಿಗೆ ಕೆಂಪನ್ನು ಕೊಡುವುದು. ಬೆಣಚು ಮಾತ್ರ ಬೆಣಚಾಗಿಯೇ ಉಳಿಯುವುದು. ಬೆಂಗಳೂರಿನ ಕೆಂಧೂಳಿಯ ವಂಶವೃಕ್ಷವು ಇಷ್ಟೇ.

ಮೊದಲು ಈ ಧೂಳನ್ನು ಎಬ್ಬಿಸಿದುದು ಎತ್ತಿನ ಬಂಡಿಗಳ ಕಬ್ಬಿಣದ ಪಟ್ಟಿ. ಜಲ್ಲಿ ಹಾಸಿ ಕಲ್ಲಿನ ಪುಡಿಯಿಂದಲೇ ಬಿಗಿಸುವ ಮೆಕಾಡಮ್ ಎಂಬವನ ರಸ್ತೆಗಳಿಗೆ ಬಂಡಿಯು ಅನುಕೂಲವೇ ಆಗಿದ್ದಿತು. ಅದು ಅರೆದ ಪುಡಿಯು ಮತ್ತೆ ಸಂದುಗಳಲ್ಲಿ ಕೂಡುತ್ತಿದ್ದಿತು. ಮೋಟಾರು ಬಂದಮೇಲೆ ಅದರ ರಬ್ಬರಿನ ಚಕ್ರವು ಆ ಪುಡಿಯನ್ನು ಹೀರಿ ಮೇಲಕ್ಕೆಸೆಯಿತು. ೧೯೦೨ರಲ್ಲಿ ಮೊನಾಕೊ ಎಂಬಲ್ಲಿ ಒಬ್ಬ ವೈದ್ಯನು ರಸ್ತೆಗೆ ಟಾರು ಬಳಿಸಿದುದು ಈ ಧೂಳಿಗೆ ಮದ್ದಾಗಿಯೇ. ರಸ್ತೆಗೆ ಡಾಮರು ಹಾಕುವುದನ್ನು ನಾವು ವೇಗಕ್ಕೋಸ್ಕರವೆಂದು ತಿಳಿದಿರುವೆವು. ಅದು ವೈದ್ಯನ ಚೀಟಿಯೆಂದು ಅರಿತವರು ವಿರಳ.

ಈಗಿನ ನಗರದ ಗಾಳಿಯನ್ನು ಸೋಸುಕಾಗದದ ಮೇಲೆ ಹಿಡಿದು ನೋಡಿದರೆ ಅದು ಒಂದು ಸಂತೆ. ನೆಲದಿಂದ ಬಂದ ಬೆಣಚು, ಫೆಲ್ಡ್‌ಸ್ಪಾರ್, ಜೇಡಿ, ಕಬ್ಬಿಣದ ತುಕ್ಕು. ಸಿಮೆಂಟಿನಿಂದಲೂ ಗಾರೆಯಿಂದಲೂ ಬಂದ ಸುಣ್ಣದ ಖನಿಜ ಮತ್ತು ಜಿಪ್ಸಮ್. ವಾಹನಗಳ ಬ್ರೇಕು ಸವೆದು ಉದುರಿದ ಕಬ್ಬಿಣ, ತಾಮ್ರ, ಬೇರಿಯಮ್. ಇವೆಲ್ಲವನ್ನೂ ಮುಚ್ಚಿಕೊಂಡ ಹೊಗೆಯ ಮಸಿ. ೨೦೦೦ನೆಯ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂದುದರಿಂದ ಸೀಸವು ಬಹುಮಟ್ಟಿಗೆ ತಗ್ಗಿತು. ಧೂಳಿನ ತೂಕವನ್ನಲ್ಲ, ಅದರ ಕುಲವನ್ನು ನೋಡಿ ಮಾಡಿದ ಕಾರ್ಯಕ್ಕೆ ಇದೊಂದು ಒಳ್ಳೆಯ ದೃಷ್ಟಾಂತ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯವರು ಆರು ನಗರಗಳಲ್ಲಿ ಮಾಡಿಸಿದ ಸಂಶೋಧನೆಯಲ್ಲಿ ಬೆಂಗಳೂರಿನ ಭಾಗವನ್ನು ಟೆರಿ ಸಂಸ್ಥೆಯವರು ವಹಿಸಿಕೊಂಡು ೨೦೧೦ರ ಸುಮಾರಿಗೆ ಮುಗಿಸಿದರು. ಹತ್ತು ಮೈಕ್ರಾನಿನೊಳಗಿನ ಕಣಗಳಲ್ಲಿ ನೂರಕ್ಕೆ ೪೨ ಪಾಲು ವಾಹನಗಳಿಂದ, ೨೦ ರಸ್ತೆಯ ಧೂಳಿನಿಂದ, ೧೪ ಕಟ್ಟಡದ ಕೆಲಸಗಳಿಂದ, ೧೪ ಕೈಗಾರಿಕೆಗಳಿಂದ, ೭ ಡೀಸೆಲ್ ಜನರೇಟರುಗಳಿಂದ, ೩ ಮನೆಯೊಲೆಗಳಿಂದ ಎಂದು ಅವರ ಲೆಕ್ಕ. ರಸ್ತೆ ಕಟ್ಟಡಗಳೆರಡನ್ನೂ ಕೂಡಿಸಿದರೆ ಮೂರರಲ್ಲೊಂದು ಪಾಲು ಕಲ್ಲುಮಣ್ಣೇ ಆಯಿತು.

ಕಣದ ಕುಲವನ್ನು ತಿಳಿಯುವುದು ಹೇಗೆಂದು ವಾಚಕರು ಕೇಳಬಹುದು. ೧೯೧೨ರಲ್ಲಿ ಲವೆ ಎಂಬ ಜರ್ಮನ್ ಪಂಡಿತನು ಕಂಡುಹಿಡಿದಂತೆ, ಎಕ್ಸ್ ಕಿರಣಗಳು ಸ್ಫಟಿಕರೂಪವಾದ ವಸ್ತುವಿನ ಮೇಲೆ ಬಿದ್ದು ಚದರುವಾಗ ಆಯಾ ಖನಿಜಕ್ಕೆ ತಕ್ಕ ಮುದ್ರೆಯನ್ನು ಕೊಡುವುವು. ಇನ್ನೊಂದು ಮಾರ್ಗವು ನಮ್ಮ ರಾಮನ್ ಅವರದು. ೧೯೨೮ರಲ್ಲಿ ಅವರು ಕಂಡ ಬೆಳಕಿನ ಧರ್ಮದಿಂದಲೇ ಈಗ ಒಂದೊಂದೇ ಧೂಳಿನ ಕಣದ ಮೇಲೆ ಲೇಸರ್ ಕಿರಣವನ್ನು ಹಾಯಿಸಿ, ಇದು ಬೆಣಚು, ಇದು ಜಿಪ್ಸಮ್ ಎಂದು ಹೇಳಬಲ್ಲರು. ೧೯೪೮ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿ ಅಲ್ಲಿ ರತ್ನಗಳನ್ನೂ ಖನಿಜಗಳನ್ನೂ ರಾಶಿರಾಶಿಯಾಗಿ ಕೂಡಿಟ್ಟ ಮಹನೀಯರ ಊರಿನ ಗಾಳಿಯನ್ನು ಕೇವಲ ತೂಗಿ ಬಿಡುವುದು ಒಪ್ಪತಕ್ಕದ್ದಲ್ಲ.

ಆದರೆ ನಡೆದಿರುವುದು ಅದೇ. ೨೦೦೯ರ ರಾಷ್ಟ್ರೀಯ ಮಟ್ಟಗಳಲ್ಲಿ ಹನ್ನೆರಡು ವಸ್ತುಗಳನ್ನು ಹೆಸರಿಸಿದ್ದಾರೆ. ಸೀಸ, ಆರ್ಸೆನಿಕ್, ನಿಕ್ಕಲ್ ಉಂಟು, ಬೆಣಚಿಲ್ಲ. ಹತ್ತು ಮೈಕ್ರಾನಿನೊಳಗಿನ ಧೂಳು ಒಂದು ಘನಮೀಟರಿನಲ್ಲಿ ವರ್ಷದ ಸರಾಸರಿಗೆ ೬೦ ಮೈಕ್ರೋಗ್ರಾಮನ್ನು ಮೀರಬಾರದೆಂದರು. ಆ ಅರುವತ್ತು ಸುಣ್ಣವೋ ಬೆಣಚೋ ಕೇಳಲಿಲ್ಲ. ೨೦೧೯ರಲ್ಲಿ ಆರಂಭವಾದ ಶುದ್ಧವಾಯು ಕಾರ್ಯಕ್ರಮದಲ್ಲಿಯೂ ನಗರಗಳ ಸಾಧನೆಯನ್ನು ಈ ತೂಕದಿಂದಲೇ ಅಳೆದರು. ಕಾರ್ಖಾನೆಯ ಒಳಗೆ ಮಾತ್ರ ನ್ಯಾಯವು ಬೇರೆ. ೧೯೮೭ರ ತಿದ್ದುಪಡಿಯಿಂದ ಕಾರ್ಖಾನೆ ಕಾಯಿದೆಗೆ ಸೇರಿದ ಅನುಬಂಧದಲ್ಲಿ ಒಂದು ಸೂತ್ರವನ್ನು ಕೊಟ್ಟಿದ್ದರು: ಧೂಳಿನಲ್ಲಿ ನೂರಕ್ಕೆ ಎಷ್ಟು ಬೆಣಚಿದೆಯೋ ಅದಕ್ಕೆ ಎರಡನ್ನು ಕೂಡಿಸಿ ಅದರಿಂದ ಹತ್ತನ್ನು ಭಾಗಿಸಬೇಕು, ಬಂದ ಲಬ್ಧದಷ್ಟು ಮಿಲಿಗ್ರಾಮು ಸೂಕ್ಷ್ಮಧೂಳು ಒಂದು ಘನಮೀಟರಿಗೆ ಮಿತಿ. ಬೆಣಚು ನೂರಕ್ಕೆ ಎರಡಿದ್ದರೆ ಎರಡೂವರೆ ಮಿಲಿಗ್ರಾಮು. ಮೂವತ್ತಿದ್ದರೆ ಮೂರನೆಯ ಒಂದು ಪಾಲೂ ಇಲ್ಲ. ಸೊಗಸಾದ ಸೂತ್ರ. ಕುಲವನ್ನು ಅರಿಯದೆ ತೂಕಕ್ಕೆ ಅರ್ಥವಿಲ್ಲವೆಂದು ಶಾಸನವೇ ಒಪ್ಪಿದಂತಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರೂ ೧೯೯೭ರಲ್ಲಿ, ಕೆಲಸದ ಸ್ಥಳಗಳ ಬೆಣಚಿನ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದೆಂದು ನಿಶ್ಚಿತವಾದವುಗಳ ಮೊದಲ ವರ್ಗದಲ್ಲಿ ಸೇರಿಸಿದರು. ಅಮೆರಿಕದ ಕ್ಯಾಲಿಫೋರ್ನಿಯದವರು ೨೦೦೫ರಲ್ಲಿ ಹೊರಗಿನ ಗಾಳಿಗೂ ಬೆಣಚಿನ ಮಟ್ಟವೊಂದನ್ನು, ಘನಮೀಟರಿಗೆ ೩ ಮೈಕ್ರೋಗ್ರಾಮೆಂದು, ಗೊತ್ತುಮಾಡಿದರು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳತಕ್ಕದ್ದಿದೆ. ಬೆಂಗಳೂರಿನ ಬೀದಿಯ ಧೂಳನ್ನು ಕೋಲಾರದ ಸುರಂಗದ ಧೂಳಿಗೆ ಸಮವೆಂದು ಹೇಳಿದರೆ ಅದು ಅತಿವ್ಯಾಪ್ತಿಯೆಂಬ ದೋಷವಾಗುವುದು. ಬೀದಿಯ ಬೆಣಚಿನ ಕಣಗಳಲ್ಲಿ ಬಹುಪಾಲು ದಪ್ಪವಾದುವು. ಬಹುಕಾಲ ಮಣ್ಣಿನಲ್ಲಿದ್ದು ಜೇಡಿಯ ಲೇಪ ಹತ್ತಿದುವು. ಹೊಸದಾಗಿ ಒಡೆದ ಬೆಣಚಿನ ಮುಖವು ಹಳೆಯದಕ್ಕಿಂತ ಹೆಚ್ಚು ಉಗ್ರವೆಂದು ಪರೀಕ್ಷೆಗಳಿಂದ ತಿಳಿದಿದೆ. ಆದಕಾರಣ ಕುಲದ ಜೊತೆಗೆ ವಯಸ್ಸನ್ನೂ ಕೇಳಬೇಕಾಗುವುದು. ಹೊಳೆಯ ಮರಳು ದುರ್ಲಭವಾದಮೇಲೆ ನಗರದ ಕಟ್ಟಡಗಳಿಗೆಲ್ಲ ಎಂ-ಸ್ಯಾಂಡ್, ಅರ್ಥಾತ್ ಬಂಡೆಯನ್ನು ಯಂತ್ರದಿಂದ ಒಡೆದು ಮಾಡಿದ ಮರಳು, ಬಂದಿರುವುದಷ್ಟೆ. ನೀರು ಸಾವಿರಾರು ವರ್ಷ ಉರುಳಿಸಿ ನುಣುಪುಮಾಡಿದ ಮರಳಿಗೂ ನಿನ್ನೆ ಒಡೆದ ಕಲ್ಲಿನ ಪುಡಿಗೂ ರಾಸಾಯನಿಕರ ಕಣ್ಣಿಗೆ ಭೇದವಿಲ್ಲದಿರಬಹುದು, ಶ್ವಾಸಕೋಶಕ್ಕೆ ಉಂಟು.

ನಗರದ ಮಾತನ್ನು ಇಷ್ಟು ಆಡಿದಮೇಲೆ ನಮ್ಮ ಸೀಮೆಯನ್ನು ಬಿಟ್ಟರೆ ಆಗದು. ಏಕೆಂದರೆ ಕಲ್ಲು ಹೊರಡುವುದು ಇಂಥ ಸೀಮೆಗಳಿಂದ. ಬಿಳಿಗಿರಿರಂಗನ ಬೆಟ್ಟವು ಚಾರ್ನೊಕೈಟ್ ಎಂಬ ಶಿಲೆಯದು. ಕಲ್ಕತ್ತೆಯಲ್ಲಿ ಜಾಬ್ ಚಾರ್ನೊಕನ ಸಮಾಧಿಯ ಮೇಲಿದ್ದ ಕಲ್ಲಿನಿಂದ ಹಾಲೆಂಡ್ ಎಂಬ ಭೂವಿಜ್ಞಾನಿಯು ಈ ಹೆಸರನ್ನು ತೆಗೆದನು. ಸತ್ತವನೊಬ್ಬನ ಹೆಸರು ನಮ್ಮ ಬಿಳಿಗಿರಿಗೂ ಹತ್ತಿದುದು ವಿನೋದವೇ ಸರಿ. ಇದರಲ್ಲಿ ಬೆಣಚು ಉಂಟು. ಚಾಮರಾಜನಗರದ ಕಡೆಯಿಂದ ದೇಶಾಂತರಗಳಿಗೆ ಹೋಗುವ ಪ್ರಸಿದ್ಧವಾದ ಕರಿಕಲ್ಲು ಬೇರೆ. ಅದು ಡಾಲರೈಟ್ ಜಾತಿ, ಬೆಣಚು ಅತ್ಯಲ್ಪ. ಇದನ್ನು ಕೇಳಿ ಕರಿಕಲ್ಲಿನ ಗಣಿಯವರು ನಿರ್ಭಯರೆನ್ನಬಾರದು. ಆ ಕರಿಯ ಪಟ್ಟೆಯು ನೈಸಿನ ಬಂಡೆಯ ಒಳಗೆ ಹುಗಿದಿರುವುದು. ಅದನ್ನು ಮುಟ್ಟಬೇಕಾದರೆ ಇಕ್ಕೆಲದ ಬಿಳಿಯ ಕಲ್ಲನ್ನು ಸೀಳಬೇಕು. ಒಂದೇ ಗಣಿಯಲ್ಲಿ ಬೆಳಿಗ್ಗೆ ಒಂದು ಕುಲದ ಧೂಳು, ಸಂಜೆ ಇನ್ನೊಂದು.

ನಮ್ಮ ಗೌರೀಶ್ವರನ ಗುಡಿಯ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳನ್ನು ಒಂದರೊಳಗೊಂದು ಕೋದಂತೆ ಕೆತ್ತಿದ ಸರಪಣಿಗಳನ್ನು ಪರಸ್ಥಳದವರು ಬಂದು ನೋಡಿ ಬೆರಗಾಗುವರು. ಕಟ್ಟಿಸಿದವರ ಹೆಸರನ್ನು ಚರಿತ್ರೆಯು ಉಳಿಸಿಕೊಂಡಿದೆ. ಬಳೆಯೊಳಗಣ ಕಲ್ಲನ್ನು ಊದಿ ಊದಿ ತೆಗೆದವನಿಗೆ ಎಷ್ಟನೆಯ ವಯಸ್ಸಿನಲ್ಲಿ ಕೆಮ್ಮು ಹಿಡಿಯಿತೆಂದು ಬರೆದ ಶಾಸನವನ್ನು ನಾನು ಎಲ್ಲಿಯೂ ಓದಿಲ್ಲ.

ಕರ್ನಾಟಕದಲ್ಲಿ ಜಲ್ಲಿ ಯಂತ್ರಗಳನ್ನು ನಿಯಂತ್ರಿಸುವ ಕಾಯಿದೆಯು ೨೦೧೧ರದು. ಯಂತ್ರಗಳು ಊರಿನಿಂದ ಎಷ್ಟು ದೂರವಿರಬೇಕು, ಎಲ್ಲಿ ಇರಬಾರದು ಎಂಬುದನ್ನು ಅದು ಹೇಳುವುದು. ಧೂಳಿನ ಮಿತಿಯಾದರೋ ಕೇಂದ್ರದ ಪರಿಸರ ನಿಯಮಗಳಲ್ಲಿ ಗೊತ್ತಾದುದು: ಯಂತ್ರದಿಂದ ಮೂರರಿಂದ ಹತ್ತು ಮೀಟರು ದೂರದಲ್ಲಿ ಅಳೆದರೆ ಘನಮೀಟರಿಗೆ ೬೦೦ ಮೈಕ್ರೋಗ್ರಾಮು. ಇದು ದಪ್ಪ ಸಣ್ಣವೆಲ್ಲ ಕೂಡಿದ ಲೆಕ್ಕ. ಕಾರ್ಖಾನೆಯ ಸೂತ್ರವು ಸೂಕ್ಷ್ಮಧೂಳಿಗೆ ಮಾತ್ರ ಸಲ್ಲುವುದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಯಂತ್ರದ ಬಾಯಿಗೆ ಕಲ್ಲು ಸುರಿಯುವವನು ನಿಂತಿರುವುದು ಆ ಮೂರು ಮೀಟರುಗಳೊಳಗೆ. ಅವನು ಸುರಿಯುತ್ತಿರುವುದು ಬಿಳಿಯ ನೈಸೋ ಕರಿಯ ಡಾಲರೈಟೋ ಎಂಬುದನ್ನು ಆ ೬೦೦ರ ಪಕ್ಕದಲ್ಲಿ ಬರೆಯಬೇಕೆಂದು ನಿಯಮದಲ್ಲಿ ಹೇಳಿಲ್ಲ.